ವಾಪಸ್ ಹೋಗುವ ಪೆಟ್ರೋಲು

ಇಲಿನಾಯ್ ರಾಜ್ಯದ ನಟ್ಟನಡುವೆ, ಕಣ್ಣು ಹಾಯುವಷ್ಟು ದೂರ ಮುಸುಕಿನ ಜೋಳ, ಸೋಯಾ ಬೆಳೆಯುವ ಸೀಮೆಯಲ್ಲಿ, ಬ್ಲೂಮಿಂಗ್ಟನ್ ಮತ್ತು ನಾರ್ಮಲ್ ಎಂಬ ಒಂದಕ್ಕೊಂದು ಅಂಟಿಕೊಂಡ ಎರಡು ಊರುಗಳಿವೆ. ಸ್ಟೇಟ್ ಫಾರ್ಮ್ ಎಂಬ ದೊಡ್ಡ ವಿಮಾ ಕಂಪನಿಯ ಮುಖ್ಯ ಕಚೇರಿ ಇರುವುದು ಬ್ಲೂಮಿಂಗ್ಟನ್ನಿನಲ್ಲಿ. 2000ರ ದಶಕದಲ್ಲಿ ಬೆಂಗಳೂರು, ಹೈದರಾಬಾದು, ಚೆನ್ನೈ ಕಡೆಯ ಸಾಫ್ಟ್‌ವೇರ್ ಹುಡುಗರು ಗುತ್ತಿಗೆ ಕೆಲಸಕ್ಕೆಂದು ಅಲ್ಲಿಗೆ ಹೋಗುತ್ತಿದ್ದದ್ದು ಆ ಕಚೇರಿಯ ದೆಸೆಯಿಂದ. ನಾನೂ ಹಾಗೆ ಹೋದವನೇ. ಆದರೆ ಚಿಕ್ಕಂದಿನಿಂದ ಎಂಜಿನ್ನುಗಳ ಹುಚ್ಚು ಹತ್ತಿಸಿಕೊಂಡಿದ್ದ ನನಗೆ ದೊಡ್ಡದಾಗಿ ಕಂಡದ್ದು ಪಕ್ಕದ ನಾರ್ಮಲ್. ಆ ಊರಿನ ಪಶ್ಚಿಮದ ಅಂಚಿನಲ್ಲಿ ಮಿತ್ಸುಬಿಷಿ ಕಾರ್ಖಾನೆ ಇತ್ತು. 1985ರಲ್ಲಿ ಮಿತ್ಸುಬಿಷಿ ಮತ್ತು ಕ್ರೈಸ್ಲರ್ ಕೈಜೋಡಿಸಿ ಡೈಮಂಡ್ ಸ್ಟಾರ್ ಮೋಟಾರ್ಸ್ ಎಂಬ ಕಂಪನಿ ಮಾಡಿಕೊಂಡವು. 1988ರಲ್ಲಿ ಕಾರುಗಳು ಹೊರಬರತೊಡಗಿದವು. ಎಕ್ಲಿಪ್ಸ್, ಟ್ಯಾಲನ್, ಲೇಸರ್ ಎಂದು ಮೂರು ಹೆಸರಿನಲ್ಲಿ ಮಾರಾಟವಾದ ಆ ಕಾರುಗಳನ್ನು ಅಮೆರಿಕದ ಟರ್ಬೊ ಪ್ರಿಯರು ಇವತ್ತಿಗೂ ಒಟ್ಟಾಗಿ ಡಿಎಸ್‌ಎಂ ಅನ್ನುತ್ತಾರೆ.

ನಾನು ಕೊಂಡದ್ದು 1997ರ ಎಕ್ಲಿಪ್ಸ್ ಜಿಎಸ್‌ಎಕ್ಸ್. ಎರಡು ಲೀಟರಿನ 4ಜಿ63 ಟರ್ಬೊ ಎಂಜಿನ್, ನಾಲ್ಕು ಚಕ್ರಕ್ಕೂ ಶಕ್ತಿ, ಕಂಪನಿ ಲೆಕ್ಕದಲ್ಲಿ 210 ಅಶ್ವಶಕ್ತಿ. ಮಾರಿದವನು ಅಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಟ್ಯಾಂಕಿನೊಳಗಿನ ಹಳೆಯ ಪಂಪು ತೆಗೆಸಿ ಗಂಟೆಗೆ 255 ಲೀಟರ್ ನೂಕುವ ವಾಲ್‌ಬ್ರೋ ಪಂಪು ಹಾಕಿಸಿದ್ದೇನೆಂದು ಹೆಮ್ಮೆಯಿಂದ ಹೇಳಿದ. ಆ ಕಾಲಕ್ಕೆ ಡಿಎಸ್‌ಎಂ ಇಟ್ಟುಕೊಂಡವರೆಲ್ಲ ಮೊದಲು ಮಾಡುತ್ತಿದ್ದ ಕೆಲಸವೇ ಅದು. ಟರ್ಬೊ ಒತ್ತಡವನ್ನು ಸ್ವಲ್ಪ ಏರಿಸಿದರೂ ಎಂಜಿನ್ನಿಗೆ ಪೆಟ್ರೋಲು ಕಡಿಮೆ ಬೀಳಬಾರದು ಎಂಬುದು ಲೆಕ್ಕ. ಲೆಕ್ಕ ಸರಿಯೇ. ಆದರೆ ಕಾರು ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನಿಂದ ಪೆಟ್ರೋಲಿನ ಘಾಟು ಬರುತ್ತಿತ್ತು. ಪ್ಲಗ್ಗು ಬಿಚ್ಚಿ ನೋಡಿದರೆ ಕಾಡಿಗೆ ಹಚ್ಚಿದ ಹಾಗೆ ಕಪ್ಪು. ಹೆದ್ದಾರಿಯಲ್ಲಿ ಮಾತ್ರ ಕುದುರೆಯ ಹಾಗೆ ಓಡುತ್ತಿತ್ತು.

ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಬಾಡಿಗೆಗೆ ಕೊಡುವ ಗ್ಯಾರೇಜುಗಳ ಸಾಲಿತ್ತು. ನನ್ನ ಪಕ್ಕದ ಬಾಗಿಲಿನವರು ಆ ಮಿತ್ಸುಬಿಷಿ ಕಾರ್ಖಾನೆಯಲ್ಲೇ ಅಸೆಂಬ್ಲಿ ಲೈನಿನಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರು. ನನ್ನ ಕಾರನ್ನು ಮೊದಲ ಸಲ ನೋಡಿದಾಗ ಬಾಗಿಲ ಅಂಚನ್ನು ಅಂಗೈಯಿಂದ ಸವರಿ, ಸಂದು ಸಮವಾಗಿ ಕೂತಿದೆಯೋ ಇಲ್ಲವೋ ಎಂದು ಬೆರಳಲ್ಲೇ ಅಳೆದರು. ಘಾಟಿನ ವಿಷಯ ಹೇಳಿದೆ. ಪೆಟ್ರೋಲಿನ ಒತ್ತಡ ನೋಡಿಕೊಳ್ಳುವ ರೆಗ್ಯುಲೇಟರ್ ಬದಲಾಯಿಸಬೇಕೇನೋ ಅಂದೆ. ಅವರು ತಲೆಯಾಡಿಸಿ, ಗೇಜು ಹಾಕಿ ನೋಡದೆ ಒಂದು ಡಾಲರನ್ನೂ ಖರ್ಚು ಮಾಡಬೇಡ ಅಂದರು. ಮುಂದೆ 2015ರ ಕೊನೆಯಲ್ಲಿ ಆ ಕಾರ್ಖಾನೆ ಮುಚ್ಚಿತು. 2017ರಲ್ಲಿ ಅದನ್ನು ಕೊಂಡ ರಿವಿಯನ್ ಕಂಪನಿ ಈಗ ಅಲ್ಲಿ ವಿದ್ಯುತ್ ವಾಹನಗಳನ್ನು ಮಾಡುತ್ತಿದೆ. ಅಷ್ಟು ಹೊತ್ತಿಗೆ ನಾನು ಬೆಂಗಳೂರಿಗೆ ಬಂದುಬಿಟ್ಟಿದ್ದೆ. ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಬಾಗಿಲ ಸಂದಿನ ಮೇಲೆ ಓಡಾಡಿದ ಆ ಬೆರಳುಗಳು.

ಘಾಟಿನ ಗೊಂದಲದ ಆ ಬೇಸಿಗೆಯಲ್ಲೇ ಅಪ್ಪ ಅಮ್ಮ ಬೆಂಗಳೂರಿನಿಂದ ಬಂದಿದ್ದರು. ಅಪ್ಪ ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯನ್ನು ಬೆಂಗಳೂರಿನ ಜನ ಕರೆಯುತ್ತಿದ್ದದ್ದು ಮೈಕೋ ಅಂತಲೇ. ಅದರ ಹೆಸರು ಬಾಷ್ ಆದದ್ದು 2008ರಲ್ಲಿ. ಡೀಸೆಲ್ ಇಂಜೆಕ್ಷನ್ ಪಂಪುಗಳನ್ನು ಪರೀಕ್ಷಾ ಬೆಂಚಿನ ಮೇಲೆ ಕೂರಿಸಿ, ಒಂದೊಂದು ಸಿಲಿಂಡರಿಗೂ ಎಷ್ಟೆಷ್ಟು ಎಣ್ಣೆ ಬೀಳುತ್ತದೆಂದು ಗೆರೆ ಹಾಕಿದ ಗಾಜಿನ ನಳಿಗೆಗಳಲ್ಲಿ ನೋಡಿ ಸಮ ಮಾಡುವುದು ಅಪ್ಪನ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೂ ಮನೆಯಲ್ಲಿ ಹಾಲು ಅಳೆಯುವಾಗ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿಯೇ ನೋಡುತ್ತಿದ್ದರು. ಅಮೆರಿಕದಲ್ಲಿ ಹಗಲೆಲ್ಲ ಮಾತಿಗೆ ಜನವಿಲ್ಲದೆ ಬೇಸತ್ತಿದ್ದ ಅವರಿಗೆ ನನ್ನ ಗ್ಯಾರೇಜು ಹಿಡಿಸಿಬಿಟ್ಟಿತು. ಪಕ್ಕದ ಬಾಗಿಲಿನ ಹಿರಿಯರಿಗೂ ಅಪ್ಪನಿಗೂ ಭಾಷೆ ಅರ್ಧಂಬರ್ಧ. ಆದರೂ ಇಬ್ಬರೂ ಬಾನೆಟ್ಟಿನ ಕಡೆ ಬಗ್ಗಿ ನಿಂತು ಗಂಟೆಗಟ್ಟಲೆ ಮಾತಾಡುತ್ತಿದ್ದರು.

ಪೆಟ್ರೋಲ್ ಫಿಲ್ಟರಿನ ಮೇಲಿನ ಬ್ಯಾಂಜೋ ಬೋಲ್ಟು ತೆಗೆದು, ಗೇಜು ಕೂರಿಸಲು ತೂತಿರುವ ಬೇರೆ ಬೋಲ್ಟು ಹಾಕಿದೆವು. ಎಂಜಿನ್ನು ಬಿಸಿಯಾದ ಮೇಲೆ ರೆಗ್ಯುಲೇಟರಿನ ತಲೆಗೆ ಬರುವ ಸಣ್ಣ ವ್ಯಾಕ್ಯೂಮ್ ಪೈಪು ಬಿಚ್ಚಿ, ಪೈಪಿನ ಬಾಯಿ ಮುಚ್ಚಿ, ಗೇಜು ನೋಡಿದೆವು. ಆ ಕಾರಿಗೆ ಹೀಗೆ ನೋಡಿದಾಗ ಇರಬೇಕಾದದ್ದು 43.5 ಪಿಎಸ್‌ಐ, ಅಂದರೆ 3 ಬಾರ್. ಮುಳ್ಳು 50 ದಾಟಿ ನಿಂತಿತ್ತು. ಪೈಪು ಮತ್ತೆ ಸಿಕ್ಕಿಸಿದೆ. ಐಡ್ಲಿಂಗಿನಲ್ಲಿ ಮ್ಯಾನಿಫೋಲ್ಡಿನ ನಿರ್ವಾತ ಸುಮಾರು 10 ಪಿಎಸ್‌ಐನಷ್ಟು ಕೆಳಕ್ಕೆ ಎಳೆಯಬೇಕು, ಮುಳ್ಳು 33, 34ಕ್ಕೆ ಬರಬೇಕು. ಅದು ಅಲುಗಾಡಿದ್ದೇ ಸ್ವಲ್ಪ.

"ಪಂಪು ಪ್ರೆಶರ್ ಹುಟ್ಟಿಸುತ್ತೆ ಅಂದ್ಕೊಂಡಿದೀಯೇನೋ?" ಅಂದರು ಅಪ್ಪ. "ಪಂಪು ನೂಕುತ್ತೆ, ಅಷ್ಟೇ. ಮುಂದೆ ಅಡ್ಡ ಏನಾದ್ರೂ ಸಿಕ್ಕಿದ್ರೆ ಪ್ರೆಶರ್ ಹುಟ್ಟುತ್ತೆ. ಈ ನಿನ್ನ ರೆಗ್ಯುಲೇಟರ್ ಬಾಗಿಲು ಪೂರ್ತಿ ತೆಗ್ದಿದ್ರೂ ಅಷ್ಟು ಎಣ್ಣೆ ಅದ್ರಲ್ಲಿ ಹೋಗ್ತಿಲ್ಲ. ಇನ್ನು ಪೈಪ್ ಹಾಕಿದ್ರೇನು, ಬಿಟ್ರೇನು?"

ಅವರು ಹೇಳಿದ್ದರಲ್ಲಿ ಇಡೀ ವಿಷಯವೇ ಇತ್ತು. ಪೆಟ್ರೋಲ್ ಒತ್ತಡದ ರೆಗ್ಯುಲೇಟರು ಒತ್ತಡವನ್ನು ಕೊಡುವ ಸಾಧನವೆಂದು ಬಹಳ ಮಂದಿ ತಿಳಿದಿರುತ್ತಾರೆ. ನಿಜವಾಗಿ ಅದು ಮಾಡುವುದು, ಎಂಜಿನ್ನಿಗೆ ಬೇಡವಾದ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಬಿಡುವ ಕೆಲಸ. ಎಷ್ಟು ಬಿಡಬೇಕು, ಎಷ್ಟು ತಡೆಯಬೇಕು ಎಂಬುದನ್ನು ಅದರೊಳಗಿನ ಸ್ಪ್ರಿಂಗು ಮತ್ತು ಡಯಾಫ್ರಮ್ ಕ್ಷಣಕ್ಷಣಕ್ಕೂ ತೂಗಿ ನಿರ್ಧರಿಸುತ್ತವೆ. ಮನೆಯ ಸಂಪಿಗೆ ಅರ್ಧ ಎಚ್‌ಪಿ ಮೋಟರಿನ ಬದಲು ಮೂರು ಎಚ್‌ಪಿ ಮೋಟರು ಹಾಕಿಸಿ, ಮಹಡಿಯ ಟ್ಯಾಂಕಿನ ಓವರ್‌ಫ್ಲೋ ಪೈಪನ್ನು ಮಾತ್ರ ಹಳೆಯ ಅರ್ಧ ಇಂಚಿನದೇ ಬಿಟ್ಟರೆ ಏನಾಗುತ್ತದೋ ನನ್ನ ಕಾರಿನಲ್ಲಿ ಆಗಿದ್ದದ್ದು ಅದೇ. ಲೆಕ್ಕ ಹಾಕಿ ನೋಡಿ: ಆ ಕಾರಿನ ನಾಲ್ಕು ಇಂಜೆಕ್ಟರುಗಳು ಒಂದೊಂದೂ ನಿಮಿಷಕ್ಕೆ 450 ಸಿಸಿಯವು. ನಾಲ್ಕೂ ಬಿಡುವಿಲ್ಲದೆ ತೆರೆದೇ ಇದ್ದರೂ ಗಂಟೆಗೆ 108 ಲೀಟರ್. ಪಂಪು ನೂಕುವುದು ಅದರ ಎರಡು ಪಟ್ಟಿಗೂ ಹೆಚ್ಚು. ಐಡ್ಲಿಂಗಿನಲ್ಲಿ ಎಂಜಿನ್ನು ಕುಡಿಯುವುದು ಗಂಟೆಗೆ ಒಂದೋ ಒಂದೂವರೆಯೋ ಲೀಟರ್. ಮಿಕ್ಕದ್ದೆಲ್ಲ ವಾಪಸ್ ಹೋಗಬೇಕು. ಹಾಗಾಗಿ ರೆಗ್ಯುಲೇಟರಿಗೆ ಅತಿ ಕಷ್ಟದ ಹೊತ್ತು ಯಾವುದೆಂದರೆ ಕಾರು ಸಿಗ್ನಲ್ಲಿನಲ್ಲಿ ಸುಮ್ಮನೆ ನಿಂತ ಹೊತ್ತು. ಓಟದಲ್ಲಿ ಅದಕ್ಕೆ ಆರಾಮ. ಮಾರಾಟದ ಕಾಗದಗಳಲ್ಲಿ ಇಷ್ಟು ಅಶ್ವಶಕ್ತಿಯವರೆಗೆ ತಡೆಯುತ್ತದೆ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಇಷ್ಟು ದೊಡ್ಡ ಪಂಪಿನ ಎಣ್ಣೆಯನ್ನು ಐಡ್ಲಿಂಗಿನಲ್ಲಿ ಇಷ್ಟು ಒತ್ತಡದಲ್ಲಿ ವಾಪಸ್ ಬಿಡುತ್ತದೆ ಎಂಬ ಮಾತು ಸಿಗಬೇಕಾದರೆ ಹುಡುಕಬೇಕು.

ಜಿಎಸ್‌ಎಕ್ಸ್‌ನಲ್ಲಿ ಇನ್ನೊಂದು ತೊಡಕಿತ್ತು. ಹಿಂದಿನ ಚಕ್ರಗಳಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿಗೆ ಜಾಗ ಬಿಡಲು ಅದರ ಟ್ಯಾಂಕನ್ನು ಕುದುರೆಯ ಜೀನಿನ ಆಕಾರದಲ್ಲಿ ಎರಡು ಮಡಿಲು ಮಾಡಿರುತ್ತಾರೆ. ಪಂಪು ಇರುವುದು ಒಂದೇ ಮಡಿಲಿನಲ್ಲಿ. ಆಚೆ ಬದಿಯ ಪೆಟ್ರೋಲನ್ನು ಈಚೆಗೆ ಎಳೆದು ತರುವ ಕೆಲಸವನ್ನು ವಾಪಸ್ ಬರುವ ಪೆಟ್ರೋಲೇ, ಒಂದು ಸಣ್ಣ ಜೆಟ್ಟಿನ ಮೂಲಕ ಹಾಯುವಾಗ, ಮಾಡುತ್ತದೆ. ಬೇರೆ ಮೋಟರಿಲ್ಲ, ವೈರಿಲ್ಲ. ಎಷ್ಟು ಚೆಂದದ ಯುಕ್ತಿ! ಆದರೆ ಆ ಜೆಟ್ಟು ಕೂಡ ಒಂದು ಅಡ್ಡವೇ. ಎಂಥ ದೊಡ್ಡ ಬಾಯಿಯ ರೆಗ್ಯುಲೇಟರು ತಂದು ಹಾಕಿದರೂ ಅದರ ಹಿಂದಿನ ಪೈಪು, ಅದರಾಚೆಯ ಜೆಟ್ಟು ಕಿರಿದಾಗಿದ್ದರೆ ಒತ್ತಡ ಒಂದು ಮಟ್ಟಕ್ಕಿಂತ ಕೆಳಗೆ ಬರುವುದಿಲ್ಲ. ರೆಗ್ಯುಲೇಟರನ್ನು ಒಂಟಿಯಾಗಿ ಆರಿಸಲಾಗದು ಎಂಬುದು ನನಗೆ ಖಾತ್ರಿಯಾದದ್ದು ಈ ಟ್ಯಾಂಕಿನ ಚಿತ್ರವನ್ನು ಸರ್ವಿಸ್ ಪುಸ್ತಕದಲ್ಲಿ ನೋಡಿದಾಗ.

ಟರ್ಬೊ ಕಾರಿಗೆ ಈ ಸಾಮಾನಿನ ಮೇಲೆ ಇಷ್ಟೆಲ್ಲ ಗಮನ ಯಾಕೆ ಬೇಕು? ಇಂಜೆಕ್ಟರಿನ ಒಂದು ತುದಿಯಲ್ಲಿ ಪೆಟ್ರೋಲಿನ ಒತ್ತಡ, ಇನ್ನೊಂದು ತುದಿಯಲ್ಲಿ ಮ್ಯಾನಿಫೋಲ್ಡಿನೊಳಗಿನ ಗಾಳಿ. ಇಂಜೆಕ್ಟರಿನಿಂದ ಎಷ್ಟು ಪೆಟ್ರೋಲು ಬೀಳುತ್ತದೆ ಎಂಬುದು ಈ ಎರಡರ ನಡುವಿನ ವ್ಯತ್ಯಾಸದ ವರ್ಗಮೂಲಕ್ಕೆ ತಕ್ಕಂತೆ. ಟರ್ಬೊ 15 ಪಿಎಸ್‌ಐ ಬೂಸ್ಟು ತುಂಬಿದಾಗ ಆ ಗಾಳಿ ಇಂಜೆಕ್ಟರಿನ ಬಾಯಿಗೆ ಎದುರಾಗಿ ಒತ್ತುತ್ತದೆ. ಪೆಟ್ರೋಲು 43.5ರಲ್ಲೇ ನಿಂತಿದ್ದರೆ ನಿಜವಾದ ವ್ಯತ್ಯಾಸ 28.5ಕ್ಕೆ ಇಳಿಯಿತು; ಬೀಳುವ ಪೆಟ್ರೋಲು ಶೇಕಡಾ 19ರಷ್ಟು ಕಡಿಮೆಯಾಯಿತು. ಎಂಜಿನ್ನಿಗೆ ಹೆಚ್ಚು ಪೆಟ್ರೋಲು ಬೇಕಾದ ಹೊತ್ತಿನಲ್ಲೇ ಈ ಕೊರತೆ. ಮಿಶ್ರಣ ತೆಳುವಾಗಿ ನಾಕಿಂಗ್ ಶುರುವಾದರೆ ಪಿಸ್ಟನ್ನಿನ ರಿಂಗುಗಳ ನಡುವಿನ ಅಂಚು ಒಡೆಯುವುದಕ್ಕೆ ಬಹಳ ಹೊತ್ತು ಬೇಡ. ಅದಕ್ಕೇ ಮ್ಯಾನಿಫೋಲ್ಡಿನಿಂದ ಸಣ್ಣ ಪೈಪು ತಂದು ರೆಗ್ಯುಲೇಟರಿನ ಸ್ಪ್ರಿಂಗಿನ ಕಡೆಗೆ ಕೊಟ್ಟಿರುತ್ತಾರೆ. ಬೂಸ್ಟು ಒಂದು ಪಿಎಸ್‌ಐ ಏರಿದರೆ ಪೆಟ್ರೋಲೂ ಒಂದು ಪಿಎಸ್‌ಐ ಏರಬೇಕು. ಒಂದಕ್ಕೆ ಒಂದು.

ಬಾಷ್‌ನ ಮೊದಲ ಎಲೆಕ್ಟ್ರಾನಿಕ್ ಇಂಜೆಕ್ಷನ್ನಾದ ಡಿ-ಜೆಟ್ರಾನಿಕ್‌ನಲ್ಲಿ ರೆಗ್ಯುಲೇಟರಿಗೆ ಈ ಪೈಪೇ ಇರಲಿಲ್ಲ. ಮ್ಯಾನಿಫೋಲ್ಡಿನ ಒತ್ತಡವನ್ನು ಕಂಟ್ರೋಲ್ ಪೆಟ್ಟಿಗೆಯೇ ಅಳೆದು ಲೆಕ್ಕದಲ್ಲಿ ಸರಿದೂಗಿಸುತ್ತಿತ್ತು. 1970ರ ದಶಕದಲ್ಲಿ ಎಲ್-ಜೆಟ್ರಾನಿಕ್ ಬಂದ ಮೇಲೆ ಈ ಪೈಪು ವಾಡಿಕೆಯಾಯಿತು. ಅಪ್ಪ ಡೀಸೆಲ್ಲಿನ ಮನುಷ್ಯರಾದರೂ ಬಾಷ್‌ನ ಕೈಪಿಡಿಗಳನ್ನೆಲ್ಲ ಓದಿದವರು. ಈ ಕತೆ ಹೇಳುವಾಗ ಅವರ ಮುಖದಲ್ಲಿ ತಮ್ಮ ಮನೆತನದ ವಿಷಯ ಹೇಳುವವರ ಗೆಲುವಿತ್ತು.

ಇನ್ನು ಆಯ್ಕೆ. ಆಗಿನ ದಿನಗಳಲ್ಲಿ ಮಾರುಕಟ್ಟೆಯಲ್ಲಿ ಹೆಸರಿಗೇನೂ ಕೊರತೆ ಇರಲಿಲ್ಲ: ಕ್ಯಾನ್ಸಾಸ್‌ನ ಏರೋಮೋಟಿವ್, ಆಸ್ಟ್ರೇಲಿಯಾದ ಟರ್ಬೊಸ್ಮಾರ್ಟ್, ಜಪಾನಿನ ಸಾರ್ಡ್, ತೊಮೆಯಿ. ಕೆಂಪು, ನೀಲಿ ಬಣ್ಣ ಹಿಡಿಸಿದ ಅಲ್ಯೂಮಿನಿಯಮ್ ಡಬ್ಬಿಗಳು. ಬಾನೆಟ್ಟು ಎತ್ತಿದಾಗ ನೋಡುವವರ ಕಣ್ಣಿಗೆ ಬೀಳಲೆಂದೇ ಮಾಡಿದ ಹಾಗೆ. ನಾನು ಮೊದಲು ಪಟ್ಟಿಯಿಂದ ತೆಗೆದುಹಾಕಿದ್ದು ರೈಸಿಂಗ್ ರೇಟ್ ಎಂಬ ಜಾತಿಯನ್ನು. ಒಂದು ಪಿಎಸ್‌ಐ ಬೂಸ್ಟಿಗೆ ಪೆಟ್ರೋಲಿನ ಒತ್ತಡವನ್ನು ಹಲವು ಪಿಎಸ್‌ಐ ಏರಿಸುವ ರೆಗ್ಯುಲೇಟರುಗಳಿವು. ಟರ್ಬೊ ಇಲ್ಲದೆ ಹುಟ್ಟಿದ ಕಾರಿಗೆ ಆಮೇಲೆ ಟರ್ಬೊ ಹಾಕಿ, ಹಳೆಯ ಸಣ್ಣ ಇಂಜೆಕ್ಟರುಗಳಲ್ಲೇ ಕೆಲಸ ಸಾಗಿಸಬೇಕಾದವರಿಗೆ ಅದು ಒಂದು ಕಾಲದ ದಾರಿ. ಒತ್ತಡ ವಿಪರೀತ ಏರಿದರೆ ಪಂಪು ನೂಕುವ ಪ್ರಮಾಣವೇ ಕುಸಿಯುತ್ತದೆ, ಇಂಜೆಕ್ಟರು ತೆರೆಯಲು ತಿಣುಕುತ್ತದೆ. ಕಾರ್ಖಾನೆಯಿಂದಲೇ ಟರ್ಬೊ ಹೊತ್ತು ಬಂದ ಕಾರಿಗೆ ಅದನ್ನು ಹಾಕುವುದು ಅನ್ಯಾಯ. ಕಾರ್ಬ್ಯುರೇಟರ್ ಎಂಜಿನ್ನುಗಳಿಗೆಂದು ಮಾಡಿದ ರೆಗ್ಯುಲೇಟರುಗಳೂ ಅದೇ ಅಂಗಡಿಗಳಲ್ಲಿ, ಅದೇ ಆಕಾರದಲ್ಲಿ ಸಿಗುತ್ತಿದ್ದವು. ಅವುಗಳ ವ್ಯಾಪ್ತಿ ಹತ್ತು ಹನ್ನೆರಡು ಪಿಎಸ್‌ಐಗೇ ಮುಗಿಯುತ್ತದೆ. ಡಬ್ಬಿಯ ಮೇಲಿನ ಅಂಕಿ ಓದದೆ ಚೆಂದ ನೋಡಿ ಕೊಂಡವರಿಗೆ ಅದು ಗೊತ್ತಾಗುತ್ತಿದ್ದದ್ದು ಮನೆಗೆ ತಂದ ಮೇಲೆ.

ಅತಿ ದೊಡ್ಡದೂ ಬೇಡ ಎಂಬುದು ಅಪ್ಪನ ಹಟ. ಡ್ರ್ಯಾಗ್ ರೇಸಿನ ಸಾವಿರ, ಎರಡು ಸಾವಿರ ಅಶ್ವಶಕ್ತಿಯ ಎಂಜಿನ್ನುಗಳಿಗೆ ಮಾಡಿದ ರೆಗ್ಯುಲೇಟರಿನ ಸೀಟು ಅಗಲವಾಗಿರುತ್ತದೆ. ಸಣ್ಣ ಹರಿವಿಗೆ ಆ ವಾಲ್ವು ಕೂದಲೆಳೆಯಷ್ಟು ಮಾತ್ರ ತೆರೆಯಬೇಕಾಗುತ್ತದೆ. ಆಗ ಅದು ಒಂದು ಕಡೆ ನಿಲ್ಲದೆ ನಡುಗುತ್ತದೆ, ಗೇಜಿನ ಮುಳ್ಳೂ ನಡುಗುತ್ತದೆ. "ಪಂಪಿಗೆ ತಕ್ಕ ಬಾಯಿ ಇರ್ಲಿ, ಅದಕ್ಕಿಂತ ಜಾಸ್ತಿ ಯಾಕೆ?" ಎಂದು ಅಪ್ಪ ಕೇಳಿದ್ದಕ್ಕೆ ಪಕ್ಕದ ಹಿರಿಯರು ಮರುಮಾತಿಲ್ಲದೆ ತಲೆದೂಗಿದರು.

ಡಯಾಫ್ರಮ್ ಯಾವ ರಬ್ಬರಿನದು ಎಂದು ವಿಚಾರಿಸಬೇಕೆಂಬುದು ಹಿರಿಯರ ಸೇರ್ಪಡೆ. ಇಲಿನಾಯ್ ಮುಸುಕಿನ ಜೋಳದ ನಾಡು, ಹಾಗಾಗಿ ಎಥನಾಲಿನ ನಾಡೂ ಹೌದು. ಅಲ್ಲಿನ ಬಂಕುಗಳಲ್ಲಿ ಶೇಕಡಾ 10ರ ಎಥನಾಲ್ ಬೆರೆತ ಪೆಟ್ರೋಲು ಆಗಲೇ ಮಾಮೂಲಾಗಿತ್ತು, ಕೆಲವು ಕಡೆ ಎಥನಾಲ್ ಇನ್ನೂ ಹೆಚ್ಚಿರುವ ಇ85 ಕೂಡ ಸಿಗುತ್ತಿತ್ತು. ಹಳೆಯ ಮಾದರಿಯ ಸಾದಾ ರಬ್ಬರು ಎಥನಾಲಿನಲ್ಲಿ ಊದಿಕೊಳ್ಳುತ್ತದೆ, ಆಮೇಲೆ ಬಿರುಸಾಗಿ ಸೀಳುತ್ತದೆ. ಡಯಾಫ್ರಮ್ ಸೀಳಿದರೆ ಪೆಟ್ರೋಲು ವ್ಯಾಕ್ಯೂಮ್ ಪೈಪಿನೊಳಗೆ ನುಗ್ಗಿ ನೇರವಾಗಿ ಮ್ಯಾನಿಫೋಲ್ಡಿಗೆ ಹೋಗುತ್ತದೆ. ಯಾವ ಕಾರಿನದೇ ಆಗಲಿ, ಆ ಪೈಪು ಬಿಚ್ಚಿ ಮೂಸಿ ನೋಡುವುದು ಅತಿ ಸುಲಭದ ಪರೀಕ್ಷೆ. ಒಳಗೆ ಪೆಟ್ರೋಲಿನ ತೇವ ಕಂಡರೆ ರೆಗ್ಯುಲೇಟರು ಮುಗಿದಂತೆ.

ಕೊನೆಗೆ ಏರೋಮೋಟಿವ್‌ನವರ, ಒಂದಕ್ಕೊಂದರ ಪ್ರಮಾಣದಲ್ಲಿ ಏರುವ, ಮಧ್ಯಮ ಗಾತ್ರದ್ದೊಂದನ್ನು ತರಿಸಿದೆ. ಮಿತ್ಸುಬಿಷಿಯ ಪೆಟ್ರೋಲ್ ರೈಲಿಗೆ, ಅಂದರೆ ಇಂಜೆಕ್ಟರುಗಳಿಗೆ ಪೆಟ್ರೋಲು ಹಂಚುವ ಕೊಳವೆಗೆ, ಕೂರಲು ಅಡಾಪ್ಟರು, ವಾಪಸ್ ಲೈನಿಗೆ ಹೊಸ ಹೋಸು ಬೇರೆ. ಡಬ್ಬಿ ಬಂದ ರಾತ್ರಿ ಅಪ್ಪ ಅದನ್ನು ಹಾಗೇ ಕಾರಿಗೆ ಹಾಕಲು ಬಿಡಲಿಲ್ಲ. ಊಟವಾದ ಮೇಲೆ ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಮೊದಲು ಮೇಲಿನ ಸ್ಕ್ರೂ ಪೂರ್ತಿ ಸಡಿಲಿಸಿ ಸ್ಪ್ರಿಂಗಿನ ಬಿಗಿ ಇಳಿಸಿದರು. ಆಮೇಲೆ ಮುಚ್ಚಳದ ಅಲೆನ್ ಬೋಲ್ಟುಗಳನ್ನು ಎದುರುಬದುರಾಗಿ ಒಂದೊಂದೇ ತಿರುವು ಬಿಚ್ಚಿದರು. ಒಳಗೆ ಹೆಚ್ಚೇನಿಲ್ಲ. ಬಟ್ಟೆಯ ಎಳೆ ಸೇರಿಸಿ ನೆಯ್ದಂಥ ತೆಳು ರಬ್ಬರಿನ ಬಿಲ್ಲೆ, ಅದರ ನಡುವೆ ಲೋಹದ ತಟ್ಟೆ, ಕೆಳಗೆ ಕನ್ನಡಿಯ ಹಾಗೆ ಹೊಳೆಯುವ ಸೀಟು. ಅಪ್ಪ ಬಿಲ್ಲೆಯನ್ನು ದೀಪಕ್ಕೆ ಹಿಡಿದು, ಅಂಚಿನ ಸುತ್ತ ಉಗುರಿನಿಂದ ಮೆಲ್ಲನೆ ಸವರಿದರು. ಸೀಟಿನ ಮೇಲೆ ಒಂದೇ ಒಂದು ಗೀರೂ ಇಲ್ಲವೆಂದು ಖಾತ್ರಿಯಾದ ಮೇಲೆ, "ಚೆನ್ನಾಗಿ ಮಾಡಿದಾರೆ" ಅಂದರು. ಮೈಕೋದಲ್ಲಿ ಮೂವತ್ತು ಚಿಲ್ಲರೆ ವರ್ಷ ಸವೆಸಿದವರ ಬಾಯಲ್ಲಿ ಅದು ಸಣ್ಣ ಮಾತಲ್ಲ.

ಡಿಎಸ್‌ಎಂ ಕಾರಿನಲ್ಲಿ ಟರ್ಬೊ ಇರುವುದು ಮುಂದೆ, ರೇಡಿಯೇಟರಿನ ಕಡೆ. ಪೆಟ್ರೋಲ್ ರೈಲು ಹಿಂದೆ. ಅದು ದೊಡ್ಡ ಪುಣ್ಯ. ರೆಗ್ಯುಲೇಟರನ್ನು ಹಿಂದಿನ ತಗಡಿಗೆ ಪಟ್ಟಿ ಕಟ್ಟಿ, ಬಿಸಿಯಿಂದ ದೂರ ಕೂರಿಸಿದೆವು. ಬೂಸ್ಟಿನ ಪೈಪನ್ನು ಬೇರೆ ಯಾವುದಕ್ಕೂ ಹಂಚದೆ ಮ್ಯಾನಿಫೋಲ್ಡಿನಿಂದ ನೇರ ತಂದೆವು. ಬೂಸ್ಟ್ ಗೇಜಿಗೆ, ವಾಲ್ವುಗಳಿಗೆ ಕವಲು ಹೊಡೆದ ಪೈಪಿನಿಂದ ರೆಗ್ಯುಲೇಟರಿಗೂ ಕೊಟ್ಟರೆ ಎಲ್ಲೋ ಒಂದು ಸಣ್ಣ ಸೋರಿಕೆಯಾದರೂ ಪೆಟ್ರೋಲಿನ ಒತ್ತಡ ಸುಳ್ಳಾಗುತ್ತದೆ. ಎಂಜಿನ್ನು ಬಿಸಿ ಮಾಡಿ, ಪೈಪು ಬಿಚ್ಚಿ, ಲಾಕ್ ನಟ್ಟು ಸಡಿಲಿಸಿ, ಸ್ಕ್ರೂ ತಿರುವುತ್ತಾ ಮುಳ್ಳನ್ನು 43.5ಕ್ಕೆ ತಂದು ನಿಲ್ಲಿಸಿದೆವು. ಪೈಪು ಸಿಕ್ಕಿಸಿದ ಕೂಡಲೇ ಮುಳ್ಳು ಮೂವತ್ತನಾಲ್ಕರ ಹತ್ತಿರಕ್ಕೆ ಇಳಿಯಿತು. ಆಮೇಲೆ ಎಂಜಿನ್ನು ಓಡುತ್ತಿರುವಾಗಲೇ ಒಂದು ಕೈಪಂಪಿನಿಂದ ರೆಗ್ಯುಲೇಟರಿನ ತಲೆಗೆ 15 ಪಿಎಸ್‌ಐ ಗಾಳಿ ಕೊಟ್ಟು ನೋಡಿದೆವು: 58 ದಾಟಿ ನಿಂತಿತು. ಕಾರು ಓಡಿಸದೆಯೇ ಬೂಸ್ಟಿನಲ್ಲಿ ಏನಾಗುತ್ತದೆಂದು ತಿಳಿಯುವ ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಆದರೂ ಮಾಡುವವರು ಕಡಿಮೆ.

ಇನ್ನೊಂದೆರಡು ತಿರುವು ಕೊಟ್ಟು 50ಕ್ಕೇ ಇಟ್ಟರೆ ಪೆಟ್ರೋಲು ಹೆಚ್ಚು ಬಿದ್ದು ಶಕ್ತಿ ಬರುವುದಿಲ್ಲವೇ ಎಂದು ಗೆಳೆಯರು ಕೇಳುತ್ತಿದ್ದರು. ಆ ಕಾರಿನ ಇಸಿಯು, ಅಂದರೆ ಎಂಜಿನ್ನನ್ನು ನಡೆಸುವ ಕಂಪ್ಯೂಟರು, ಒಳಬರುವ ಗಾಳಿಯನ್ನು ಅಳೆದು, ಇಂಜೆಕ್ಟರಿನ ಎರಡು ತುದಿಗಳ ನಡುವೆ ಸದಾ 43.5ರ ವ್ಯತ್ಯಾಸವಿದೆ ಎಂಬ ನಂಬಿಕೆಯ ಮೇಲೆ ಎಷ್ಟು ಹೊತ್ತು ತೆರೆಯಬೇಕೆಂದು ಲೆಕ್ಕ ಹಾಕುತ್ತದೆ. ಆ ನಂಬಿಕೆ ಮುರಿದರೆ ಐಡ್ಲಿಂಗಿನಿಂದ ಫುಲ್ ಥ್ರಾಟಲ್‌ವರೆಗೆ ಎಲ್ಲ ಲೆಕ್ಕವೂ ತಪ್ಪು. ಹಳೆಯ ರೆಗ್ಯುಲೇಟರಿನಲ್ಲಂತೂ ಇನ್ನೂ ಕಷ್ಟ. ಐಡ್ಲಿಂಗಿನಲ್ಲಿ ಒತ್ತಡ ಹೆಚ್ಚು, ಬೂಸ್ಟಿನಲ್ಲಿ ಸರಿ. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ಹೊಸದು ಕೂತ ಮೇಲೆ ಸ್ಕ್ಯಾನರ್ ಹಾಕಿ ನೋಡಿದೆ. ಐಡ್ಲಿಂಗಿನಲ್ಲಿ ಇಸಿಯು ಪೆಟ್ರೋಲನ್ನು ಕತ್ತರಿಸುತ್ತಿದ್ದ ಶೇಕಡಾವಾರು ಕೆಲವೇ ದಿನಗಳಲ್ಲಿ ಸೊನ್ನೆಯ ಅಕ್ಕಪಕ್ಕಕ್ಕೆ ಬಂತು. ಪ್ಲಗ್ಗುಗಳು ಕಂದು ಬಣ್ಣಕ್ಕೆ ತಿರುಗಿದವು. ಅಮ್ಮನಿಗೆ ಅಂಕಿ ಸಂಖ್ಯೆ ಬೇಕಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಇಂಡಿಯನ್ ಅಂಗಡಿಗೆ ಹೋಗುವಾಗ ತಲೆ ತಿರುಗುವುದು ನಿಂತಿತು, ಅವರಿಗೆ ಅಷ್ಟೇ ಸಾಕಾಗಿತ್ತು.

ಅದೇ ಹೊತ್ತಿಗೆ ನಮ್ಮ ಪರಿಚಯದ ಹುಡುಗನೊಬ್ಬ ಇನ್ನೊಂದು ಟರ್ಬೊ ಕಾರಿಗೆ, ಹೆಸರಾಂತ ಕಂಪನಿಯ ನಕಲಿನಂತಿದ್ದ ಅಗ್ಗದ ರೆಗ್ಯುಲೇಟರು ತರಿಸಿದ. ನೋಡುವುದಕ್ಕೆ ತದ್ರೂಪು. ಚಳಿಗಾಲದ ಒಂದು ಬೆಳಗ್ಗೆ ಅವನ ಕಾರಿನ ಹತ್ತಿರ ನಿಂತು ಮಾತಾಡುವಾಗ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಬಾನೆಟ್ಟು ಎತ್ತಿದರೆ ಗೇಜು ಕೂರಿಸುವ ತೂತಿನ ಪಿರಿಯಲ್ಲಿ ಹನಿ ಹನಿಯಾಗಿ ಒಸರುತ್ತಿತ್ತು. ಪಿರಿಯನ್ನೇ ಸರಿಯಾಗಿ ಕೊರೆದಿರಲಿಲ್ಲ. ಎಷ್ಟು ಬಿಗಿದರೂ ಕೂರುವಂತಿರಲಿಲ್ಲ. ಎಂಜಿನ್ನು ಬಿಸಿಯಾಗಿದ್ದರೆ ಏನಾಗುತ್ತಿತ್ತೋ. ಬೇರೆ ಎಷ್ಟೋ ಬಿಡಿಭಾಗಗಳಲ್ಲಿ ಅಗ್ಗದ್ದು ತಂದರೆ ಬೇಗ ಕೆಡುತ್ತದೆ, ಅಷ್ಟೇ. ಪೆಟ್ರೋಲಿನ ದಾರಿಯಲ್ಲಿ ಹಾಗಲ್ಲ. ಇಲ್ಲಿ ನನ್ನ ಮಾತು ಗಟ್ಟಿ: ಡಬ್ಬಿ ಎಲ್ಲಿಂದ ಬಂತೆಂದು ಗೊತ್ತಿಲ್ಲದ ರೆಗ್ಯುಲೇಟರನ್ನು ಯಾವ ಬೆಲೆಗೂ ಕೊಳ್ಳಬಾರದು.

ಬೆಂಗಳೂರಿಗೆ ಮರಳಿದ ಮೇಲೆ ಇಲ್ಲಿನ ಟರ್ಬೊ ಗೆಳೆಯರ ಕಾರುಗಳಲ್ಲಿ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಎದುರಾಯಿತು. 2000ರ ದಶಕದ ಮಧ್ಯದಲ್ಲಿ ಭಾರತಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1.8 ಲೀಟರಿನ 20 ವಾಲ್ವುಗಳ ಟರ್ಬೊ ಪೆಟ್ರೋಲ್ ಕಾರು, ನಮ್ಮ ಹುಡುಗರ ಕನಸಾಗಿತ್ತು. ಆ ಜಾತಿಯ ಎಂಜಿನ್ನುಗಳಲ್ಲಿ ರೈಲಿನ ತುದಿಯ 3 ಬಾರ್ ರೆಗ್ಯುಲೇಟರಿನ ಕ್ಲಿಪ್ಪು ಎಳೆದು, ಅದೇ ಗಾತ್ರದ 4 ಬಾರ್‌ನದನ್ನು ಸಿಕ್ಕಿಸುವುದು ಪ್ರಪಂಚದಾದ್ಯಂತ ನಡೆದುಬಂದ ಸುಲಭದ ಬದಲಾವಣೆ. ಅದೇ ಇಂಜೆಕ್ಟರಿನಲ್ಲಿ ಶೇಕಡಾ 15ರಷ್ಟು ಪೆಟ್ರೋಲು ಹೆಚ್ಚು ಬೀಳುತ್ತದೆ. ಇಸಿಯುವಿಗೆ ಆ ಸಂಗತಿ ತಿಳಿಸುವ ರೀಮ್ಯಾಪ್ ಮಾಡಿಸಿದವರಿಗೆ ಅದು ಒಳ್ಳೆಯದು. ಬರೀ ರೆಗ್ಯುಲೇಟರು ಬದಲಾಯಿಸಿ ಶಕ್ತಿ ಬಂತೆಂದು ತಿಳಿದವರಿಗೆ ಬಂದದ್ದು ಪೆಟ್ರೋಲಿನ ಬಿಲ್ಲು ಮಾತ್ರ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ನನ್ನ ಜತೆ ಅಲೆದ ಗೆಳೆಯರಿಗೆಲ್ಲ ನಾನು ಮೊದಲು ಕೊಡಿಸುತ್ತಿದ್ದದ್ದು ಗೇಜನ್ನೇ. ಆದರೆ ಎಣ್ಣೆ ತುಂಬಿದ ಗೇಜು ಬಾನೆಟ್ಟಿನ ಕೆಳಗೆ ಕಾದಮೇಲೆ ಸರಿಯಾದ ಅಂಕಿ ತೋರಿಸುವುದಿಲ್ಲ. ಶಾಶ್ವತವಾಗಿ ಅಲ್ಲೇ ಇಡುವುದಾದರೆ ಎಲೆಕ್ಟ್ರಿಕ್ ಸೆನ್ಸರೇ ಲೇಸು. ಪೆಟ್ರೋಲ್ ತುಂಬಿದ ಪೈಪನ್ನು ಕಾರಿನೊಳಗೆ ಡ್ಯಾಶ್‌ಬೋರ್ಡಿನವರೆಗೆ ಎಳೆಯುವುದಂತೂ ಕೂಡದು.

ಈಗಿನ ಟರ್ಬೊ ಕಾರುಗಳಲ್ಲಿ ಬಹುಪಾಲಿಗೆ ಎಂಜಿನ್ನಿನಿಂದ ಟ್ಯಾಂಕಿಗೆ ಹೋಗುವ ವಾಪಸ್ ಲೈನೇ ಇಲ್ಲ. ಎಂಜಿನ್ನಿನ ಬಿಸಿ ಹೊತ್ತ ಪೆಟ್ರೋಲು ಟ್ಯಾಂಕಿಗೆ ಮರಳಿ ಆವಿಯಾಗುವುದನ್ನು ತಪ್ಪಿಸಲು ಅದನ್ನು ತೆಗೆದರು. ನೇರ ಇಂಜೆಕ್ಷನ್ನಿನ ಎಂಜಿನ್ನುಗಳಲ್ಲಿ ನೂರಾರು ಬಾರ್ ಒತ್ತಡವನ್ನು ಪ್ರತ್ಯೇಕ ಪಂಪು ಹುಟ್ಟಿಸುತ್ತದೆ, ಇಸಿಯುವೇ ಅದನ್ನು ಆಳುತ್ತದೆ. ಅಂಥ ಕಾರು ನಿಮ್ಮದಾಗಿದ್ದರೆ ಬಣ್ಣದ ರೆಗ್ಯುಲೇಟರು ತೋರಿಸಿ ಮಾರಲು ಬಂದವರಿಗೆ ಬೇಡವೆಂದು ಹೇಳಿ ಕಳಿಸಿ. ಹಳೆಯ ಮಾದರಿಯ, ವಾಪಸ್ ಲೈನಿರುವ ಟರ್ಬೊ ಕಾರು ನಿಮ್ಮಲ್ಲಿದ್ದರೆ ಪಂಪು, ಇಂಜೆಕ್ಟರು, ವಾಪಸ್ ಪೈಪು ಎಲ್ಲ ಗೊತ್ತುಮಾಡಿಕೊಂಡ ಮೇಲೆ, ಕಟ್ಟಕಡೆಗೆ, ರೆಗ್ಯುಲೇಟರನ್ನು ಆರಿಸಿ. ಬೆಂಗಳೂರಿನಲ್ಲಿ 2023ರ ಫೆಬ್ರವರಿಯಲ್ಲಿ ಎಥನಾಲ್ ಬೆರೆತ ಇ20 ಪೆಟ್ರೋಲು ಬಿಡುಗಡೆಯಾಯಿತು. ಈಗ ನಮ್ಮ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ. ಇಪ್ಪತ್ತು ವರ್ಷ ಹಳೆಯ ಡಯಾಫ್ರಮ್ ಇಟ್ಟುಕೊಂಡು ಓಡಿಸುತ್ತಿರುವವರು ದಯವಿಟ್ಟು ಈ ವಾರವೇ ವ್ಯಾಕ್ಯೂಮ್ ಪೈಪು ಬಿಚ್ಚಿ ಒಮ್ಮೆ ಮೂಸಿ ನೋಡಿ.